ಬೀಳದ ಹಿಮ, ಉಕ್ಕಿದ ಇಡ್ಲಿ ಹಿಟ್ಟು

ತುಂತುರು ಕನ್ನಡ ಬಳಗ
(ಆಶ್‌ಬರ್ನ್, ರಾಕ್‌ವಿಲ್, ಎಲಿಕಾಟ್ ಸಿಟಿ ಮತ್ತು ದಾರಿಯಲ್ಲಿ ಸಿಗುವ ಅಮೆರಿಕದ ಪೂರ್ವ ತೀರದ ಇತರೆ ಊರುಗಳು)
ಕಾರ್ಯದರ್ಶಿಯವರ ಕಚೇರಿ, ಅಂದರೆ ಊಟದ ಮೇಜು, ರಾಕ್‌ವಿಲ್

ಸಂಖ್ಯೆ: ತುಕಬ/ಹವಾ/ಹಿಮ/ತಪ್ಪು-1/2025
ದಿನಾಂಕ: ಮಾರ್ಚ್, ಗುರುವಾರ

ಸುತ್ತೋಲೆ

ವಿಷಯ: ಚಳಿಗಾಲದ ಕೊನೆಯಲ್ಲಿ ಕಡಲತೀರ ಹಿಡಿದು ಬರುವ ಹಿಮಬಿರುಗಾಳಿಗಳ ಬಗ್ಗೆ ಸದಸ್ಯರು ಭವಿಷ್ಯ ನುಡಿಯುವುದನ್ನು ಹದ್ದುಬಸ್ತಿನಲ್ಲಿಡುವ ಕುರಿತು.

ಉಲ್ಲೇಖ:
(1) ಶ್ರೀ ಬಸವಂತಪ್ಪನವರು ಬಳಗದ ವಾಟ್ಸಾಪ್ ಗುಂಪಿಗೆ ಕಳುಹಿಸಿದ ಧ್ವನಿಸಂದೇಶ.
(2) ಸದರಿ ಸಂದೇಶದ ನಂತರ ಬೀಳದ ಹಿಮ.
(3) ಅಧ್ಯಕ್ಷರಾದ ಶ್ರೀ ವೇಣುಗೋಪಾಲರ ಮೌಖಿಕ ಆದೇಶ (ಬೈಗುಳ ಹೊರತುಪಡಿಸಿ).

ಪ್ರಸ್ತಾವನೆ:

ಶ್ರೀ ಬಸವಂತಪ್ಪನವರು ವೃತ್ತಿಯಿಂದ ಸೇತುವೆ ಎಂಜಿನಿಯರರೂ, ಯಾರೂ ಕೇಳದಿದ್ದರೂ ಹವಾಮಾನ ತಜ್ಞರೂ ಆಗಿರುತ್ತಾರೆ. ವಿಜಯಪುರದ ಬಿಸಿಲಲ್ಲಿ ಹುಟ್ಟಿ ಬೆಳೆದ ಸದರಿಯವರಿಗೆ ಹಿಮವೆಂದರೆ ಜೀವ. ಡಿಸೆಂಬರ್ ಬಂತೆಂದರೆ ಹಿಮ ಅಳೆಯಲು ಹಿತ್ತಲ ಮರದ ಜಗಲಿಯ, ಅಂದರೆ ಡೆಕ್ಕಿನ, ಕಟಕಟೆಗೆ ಅಡಿಕೋಲು ಕಟ್ಟುತ್ತಾರೆ. ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿಯುವ ಮೊದಲು ಪರದೆ ಸರಿಸಿ ಅಡಿಕೋಲನ್ನು ನೋಡುತ್ತಾರೆ. ಈ ವರ್ಷ ಅಡಿಕೋಲಿಗೆ ಕೆಲಸವೇ ಇರಲಿಲ್ಲವೆಂಬುದು ಅವರ ಕೊರಗು.

ಕಳೆದ ಶನಿವಾರ ಆಶ್‌ಬರ್ನ್‌ನ ಶಾಲೆಯೊಂದರ ಸಭಾಂಗಣದಲ್ಲಿ ಬಳಗದ ಮಕ್ಕಳ ಕಾರ್ಯಕ್ರಮ ಏರ್ಪಾಡಾಗಿತ್ತು. ಸದರಿಯವರ ಮಗಳು, ಐದನೇ ತರಗತಿಯ ಕುಮಾರಿ ಸೋನಾಲಿ, ಒಂದೂ ಇಂಗ್ಲಿಷ್ ಪದ ಬೆರೆಸದೆ ಕನ್ನಡದಲ್ಲಿ ಭಾಷಣ ಮಾಡುವವಳಿದ್ದಳು. ಭಾಷಣದ ಶೀರ್ಷಿಕೆ: ‘ನಮ್ಮಪ್ಪನಿಗೆ ಎಲ್ಲಾ ಗೊತ್ತು’. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಈ ಹುಡುಗಿ ಅದನ್ನು ಕಾರಿನ ಹಿಂದಿನ ಸೀಟಿನಲ್ಲೂ, ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡೂ ಅಭ್ಯಾಸ ಮಾಡಿರುವುದು ಕಂಡುಬಂದಿದೆ. ಅಪ್ಪ ಬಾಗಿಲ ಮರೆಯಲ್ಲಿ ನಿಂತು ಕೇಳಿ, ಏನೂ ಕೇಳಿಸದವರಂತೆ ಹೋಗಿರುವುದೂ ಕಂಡುಬಂದಿದೆ.

ಹೀಗಿರಲು, ಕಾರ್ಯಕ್ರಮದ ಹಿಂದಿನ ದಿನ ಸದರಿಯವರಿಂದ ಉಲ್ಲೇಖ (1)ರ ಸಂದೇಶ ಬಂತು: “ಎಲ್ಲಾರೂ ಕೇಳ್ರಿ. ನಾಳೆ ಶನಿವಾರ ಒಂದ್ ಅಡಿ ಸ್ನೋ ಗ್ಯಾರಂಟಿ. ಹಾಲ್ ಕ್ಯಾನ್ಸಲ್ ಮಾಡ್ರಿ. ನನ್ನ ಮಾತು ಬರದಿಟ್ಕೋರಿ.” ಮಾತನ್ನು ಬರೆದಿಟ್ಟುಕೊಳ್ಳಲಾಯಿತು, ಹಾಲ್ ಬುಕಿಂಗನ್ನು ಕ್ಯಾನ್ಸಲ್ ಮಾಡಲಾಯಿತು. ಊರಿನವರು ಅಂಗಡಿಗೆ ಓಡಿ ಹಾಲು, ಬ್ರೆಡ್ಡು ಖಾಲಿ ಮಾಡಿದರೆ, ನಮ್ಮವರು ಇಂಡಿಯನ್ ಸ್ಟೋರಿಗೆ ಓಡಿ ಕರಿಬೇವು, ಮೊಸರು ಖಾಲಿ ಮಾಡಿದರು.

ಶನಿವಾರ ಮಳೆ ಬಂತು. ಮಧ್ಯಾಹ್ನದ ಹೊತ್ತಿಗೆ ಬಿಸಿಲೂ ಬಂತು. ಆದ್ದರಿಂದ ಈ ಕೆಳಕಂಡ ಆದೇಶ.

ಆದೇಶ:

1. ಹಿಮ ಏಕೆ ಬೀಳಲಿಲ್ಲವೆಂದು ಸದಸ್ಯರು ಸದರಿಯವರನ್ನು ಪಾರ್ಕಿಂಗ್ ಲಾಟಿನಲ್ಲಿ ತಡೆದು ಕೇಳುವುದನ್ನು ನಿಲ್ಲಿಸತಕ್ಕದ್ದು. ಕಾರಣವನ್ನು ಇಲ್ಲಿಯೇ ದಾಖಲಿಸಲಾಗಿದೆ. ಸದರಿ ಬಿರುಗಾಳಿಯು ಕೆರೊಲಿನಾ ತೀರದಾಚೆ ಹುಟ್ಟಿ, ದಡದ ಮಗ್ಗುಲಲ್ಲೇ ಉತ್ತರಕ್ಕೆ ಸಾಗಿ ಬರುತ್ತದೆ. ದಡಕ್ಕೆ ತುಸು ಹತ್ತಿರ ಬಂದರೆ ಸಮುದ್ರದ ಬೆಚ್ಚನೆ ಗಾಳಿಯನ್ನು ಒಳಗೆ ನುಗ್ಗಿಸಿ ಹಿಮವನ್ನೆಲ್ಲ ಮಳೆ ಮಾಡುತ್ತದೆ. ತುಸು ದೂರ ಸರಿದರೆ ಹಿಮವನ್ನೆಲ್ಲ ಮೀನುಗಳ ತಲೆಯ ಮೇಲೆ ಸುರಿದು ಹೋಗುತ್ತದೆ. ಈ ಹತ್ತಿರಕ್ಕೂ ದೂರಕ್ಕೂ ನಡುವಿನ ಅಂತರ, ಆಶ್‌ಬರ್ನ್‌ನವರು ಎಲಿಕಾಟ್ ಸಿಟಿಯ ನೆಂಟರ ಮನೆಗೆ ಊಟಕ್ಕೆ ಹೋಗುವ ಗಂಟೆ ದಾರಿಯಷ್ಟು. ಜೊತೆಗೆ ಮಾರ್ಚ್ ಬಿಸಿಲಿಗೆ ನೆಲ ಕಾದಿರುವುದರಿಂದ, ಬಿದ್ದ ಹಿಮವೂ ನಿಲ್ಲುತ್ತದೆಂಬ ಭರವಸೆ ಇಲ್ಲ.

2. ಕಂಪ್ಯೂಟರ್ ನಕ್ಷೆಗಳ ಬಗ್ಗೆ: ಯುರೋಪಿನ ಲೆಕ್ಕ ಒಂದು ಹೇಳಿದರೆ ಅಮೆರಿಕದ ಲೆಕ್ಕ ಇನ್ನೊಂದು ಹೇಳುತ್ತದೆ; ಮದುವೆ ಮಾತುಕತೆಯಲ್ಲಿ ಎರಡು ಕಡೆಯ ಸೋದರಮಾವಂದಿರಿದ್ದ ಹಾಗೆ. ಇವುಗಳಲ್ಲಿ ಯಾವುದು ಹೆಚ್ಚು ಹಿಮ ತೋರಿಸುತ್ತದೋ ಅದೇ ಸರಿ ಎಂಬುದು ಸದರಿಯವರ ವೈಜ್ಞಾನಿಕ ವಿಧಾನವಾಗಿದೆ. ಈ ವಿಧಾನವನ್ನು ತಕ್ಷಣದಿಂದ ರದ್ದುಪಡಿಸಲಾಗಿದೆ.

3. ಸದರಿಯವರ ತಂಗಿ, ನಮ್ಮ ದಕ್ಷಿಣಕ್ಕಿರುವ ಕೆರೊಲಿನಾದ ಷಾರ್ಲೆಟ್ ನಿವಾಸಿ ಶ್ರೀಮತಿ ಬಸವ್ವನವರನ್ನು ಬಳಗದ ದಕ್ಷಿಣ ವೀಕ್ಷಣಾ ಕೇಂದ್ರವೆಂದು ಈ ಮೂಲಕ ಮಾನ್ಯ ಮಾಡಲಾಗಿದೆ. ಅವರು ಶುಕ್ರವಾರವೇ ಫೋನಿನಲ್ಲಿ, “ಅಣ್ಣಾ, ಇಲ್ಲಿ ಬರೇ ಮಳಿ ಹೊಡಿಯಾಕತ್ತೇತಿ. ಸೆಕಿ ಬ್ಯಾರೆ. ನೀ ಸುಮ್ಸುಮ್ನ ಮಂದೀನ ಹೆದರಸಬ್ಯಾಡ” ಎಂದು ವರದಿ ಮಾಡಿದ್ದು, ಸದರಿಯವರು “ನಿಮ್ಮ ಮಳಿ ನಮ್ಮಲ್ಲಿಗೆ ಬರೂದ್ರಾಗ ಸ್ನೋ ಆಗತೈತಿ, ನಿನಗ ತಿಳಿಯೂದಿಲ್ಲ” ಎಂದು ವರದಿಯನ್ನು ತಿರಸ್ಕರಿಸಿರುತ್ತಾರೆ. ಇನ್ನು ಮುಂದೆ ಬಸವ್ವನವರು ಕಿಟಕಿಯಿಂದ ಕೈ ಚಾಚಿ ನೋಡಿ ಹೇಳಿದ್ದೇ ಅಂತಿಮ.

4. ಹಿಮವೇ ಅಪರೂಪವಾದ ಅಟ್ಲಾಂಟಾದಲ್ಲಿರುವ ಬಂಧುಗಳು ಕಳುಹಿಸುವ ಹಿಮದ ಫೋಟೋಗಳನ್ನು ಪುರಾವೆಯಾಗಿ ಪರಿಗಣಿಸಲಾಗುವುದಿಲ್ಲ. ಅಲ್ಲಿ ಫ್ರಿಜ್ಜಿನ ಬಾಗಿಲು ಹೆಚ್ಚು ಹೊತ್ತು ತೆರೆದಿಟ್ಟರೂ ಶಾಲೆಗೆ ರಜೆ ಕೊಡುತ್ತಾರೆಂದು ತಿಳಿದುಬಂದಿದೆ.

5. ಇಡ್ಲಿ ಹಿಟ್ಟಿನ ಬಗ್ಗೆ: ಚಳಿಗಾಲದಲ್ಲಿ ಹಿಟ್ಟು ಹುದುಗಬೇಕೆಂದರೆ ವಿದ್ಯುತ್ ಒಲೆಯ ಅವನ್ ಒಳಗಿಟ್ಟು, ಕಾವಿಗಾಗಿ ಅದರ ದೀಪ ಹಚ್ಚಿಡುವುದು ನಮ್ಮವರಲ್ಲಿ ರೂಢಿ. ಉಲ್ಲೇಖ (1)ರ ಸಂದೇಶ ಬರುವಷ್ಟರಲ್ಲಿ ಸಭಾಂಗಣಕ್ಕೆಲ್ಲ ಸಾಕಾಗುವಷ್ಟು ಹಿಟ್ಟು ಹಲವು ಮನೆಗಳ ಅವನ್‌ಗಳಲ್ಲಿ ದೀಪದ ಕೆಳಗೆ ಕುಳಿತಿತ್ತು. ಕಾರ್ಯಕ್ರಮ ರದ್ದಾಯಿತೆಂದು ಹಿಟ್ಟಿಗೆ ಯಾರೂ ತಿಳಿಸಲಿಲ್ಲ. ಅದು ತನ್ನ ಪಾಡಿಗೆ ಉಬ್ಬಿ, ಪಾತ್ರೆಯ ಮುಚ್ಚಳ ಎತ್ತಿ, ಅವನ್ ಬಾಗಿಲಿನಿಂದ ಹೊರಗೆ ಇಣುಕಿತು. ಶನಿವಾರ ಆ ಮನೆಗಳಲ್ಲಿ ಬಿಳಿಯಾಗಿ ಬಿದ್ದದ್ದು ಇದೊಂದೇ. ಆಮೇಲೆ ಇಡ್ಲಿ, ದೋಸೆ, ಪಡ್ಡು, ಉತ್ತಪ್ಪ ಎಂದು ವಾರವೆಲ್ಲ ಅದನ್ನೇ ತಿಂದ ಸದಸ್ಯರ ಸಹನೆಯನ್ನು ಬಳಗವು ಶ್ಲಾಘಿಸುತ್ತದೆ. ಇನ್ನು ಮುಂದೆ ಉದ್ದು ನೆನೆಹಾಕಿದ ಮೇಲೆ ಹಿಮದ ಮುನ್ಸೂಚನೆ ನೀಡುವುದನ್ನು ನಿಷೇಧಿಸಲಾಗಿದೆ.

6. ಡ್ರೈವ್‌ವೇಗೆ (ಮನೆಮುಂದಿನ ಕಾರುದಾರಿಗೆ) ಹಿಮ ಕರಗಲೆಂದು ಉಪ್ಪು ಸುರಿಯುವ ಮೊದಲು ಆಕಾಶವನ್ನು ಒಮ್ಮೆ ಖುದ್ದಾಗಿ ನೋಡತಕ್ಕದ್ದು. ಅಧ್ಯಕ್ಷರು “ಏನ್ ಸಾರ್ ಇದು, ಸಾಲ್ಟ್ ಹಾಕೀ ಹಾಕೀ ಡ್ರೈವ್‌ವೇ ಉಪ್ಪಿನಕಾಯಿ ಆಗೋಯ್ತು, ಒಂದ್ ಹನಿ ಸ್ನೋ ಇಲ್ವಲ್ರೀ” ಎಂದು ದೂರಿದ್ದು, ಬಿಸಿಲಿನಲ್ಲಿ ಸ್ನೋ ಬೂಟು ತೊಟ್ಟು ದೂರಿದ್ದರಿಂದ ದೂರಿಗೆ ಹೆಚ್ಚಿನ ತೂಕ ಬಂದಿರುತ್ತದೆ.

7. ‘ಗ್ಯಾರಂಟಿ’ ಎಂಬ ಪದವನ್ನು ಮಿಕ್ಸಿ, ಕುಕ್ಕರ್‌ಗಳಿಗೆ ಮಾತ್ರ ಬಳಸತಕ್ಕದ್ದು.

ಈ ನಿಯಮಕ್ಕೆ ಹಿನ್ನೆಲೆ ಇದೆ. ಆ ಶನಿವಾರ ಮಧ್ಯಾಹ್ನ ಕುಮಾರಿ ಸೋನಾಲಿ ಹಸಿರು ಹುಲ್ಲಿನ ಮೇಲೆ ಹಿಮದಲ್ಲಿ ಜಾರುವ ಬಂಡಿ ಇಟ್ಟುಕೊಂಡು ಕುಳಿತಿದ್ದಳು. ಅಪ್ಪ ಹತ್ತಿರ ಹೋದಾಗ, “ಅಪ್ಪಾ, ಯು ಸೆಡ್ ಗ್ಯಾರಂಟಿ” ಎಂದಳು. ನಂತರ ಕನ್ನಡದಲ್ಲಿ, “ನಾನು ಸ್ಪೀಚ್ ಹೇಳಲ್ಲ. ಅದು ಈಗ ಸುಳ್ಳು ಆಯ್ತು” ಎಂದು ಒಳಗೆ ಹೋದಳು. ಊರೆಲ್ಲ ನಕ್ಕಾಗಲೂ ಮೀಸೆ ತಿರುವಿದ್ದ ಸದರಿಯವರು ಈ ಒಂದು ಮಾತಿಗೆ ಕುಗ್ಗಿಹೋದರು. ಸಂಜೆ ತಾವಾಗಿಯೇ ಡೆಕ್ಕಿಗೆ ಹೋಗಿ ಅಡಿಕೋಲು ಬಿಚ್ಚಿಕೊಂಡು ಬಂದರು. ಪಾಪ ಎನಿಸಿತು ಎಂಬುದನ್ನು ಕಡತದ ಪೂರ್ಣತೆಗಾಗಿ ನಮೂದಿಸಲಾಗಿದೆ.

8. ಮುಂದೂಡಲಾದ ಕಾರ್ಯಕ್ರಮವು ಬರುವ ಶನಿವಾರ ನಿಗದಿಯಾಗಿರುತ್ತದೆ. ಅಷ್ಟರಲ್ಲಿ ಕೆರೊಲಿನಾ ತೀರದಾಚೆ ಮತ್ತೊಂದು ಬಿರುಗಾಳಿ ಹುಟ್ಟುವ ಲಕ್ಷಣವಿರುವುದರಿಂದ, ಸದಸ್ಯರು ಸದರಿಯವರಿಗೆ ಗುಟ್ಟಾಗಿ ಮೆಸೇಜು ಮಾಡಿ “ಅಂಕಲ್, ಹೆಂಗಿದೆ ಸೀನು?” ಎಂದು ಕೇಳುತ್ತಿರುವುದು ಗಮನಕ್ಕೆ ಬಂದಿದೆ. ಬೈದವರೇ ಕೇಳುತ್ತಿರುವುದು ವಿಶೇಷ. ಇದನ್ನು ಕೂಡಲೇ ನಿಲ್ಲಿಸತಕ್ಕದ್ದು.

9. ಈ ಸಂಬಂಧ ನಿನ್ನೆ ರಾತ್ರಿ ಊಟದ ಹೊತ್ತಿನಲ್ಲಿ ನಡೆದದ್ದನ್ನು ದಾಖಲಿಸಲಾಗಿದೆ. ಶನಿವಾರದಿಂದ ಅಪ್ಪನೊಡನೆ ಸರಿಯಾಗಿ ಮಾತಾಡದಿದ್ದ ಸೋನಾಲಿ, ತಟ್ಟೆಯಲ್ಲಿದ್ದ ಉತ್ತಪ್ಪವನ್ನು ಕೆದಕುತ್ತಾ, “ಅಪ್ಪಾ, ಸ್ಯಾಟರ್ಡೇ ಸ್ನೋ ಬರತ್ತಾ?” ಎಂದು ಕೇಳಿದಳು. ಸದರಿಯವರ ಎಡಗೈಯಲ್ಲಿ ಫೋನಿತ್ತು. ಫೋನಿನಲ್ಲಿ ಎರಡೂ ನಕ್ಷೆಗಳಿದ್ದವು. ಒಂದು ನಕ್ಷೆ ಒಂದೂವರೆ ಅಡಿ ತೋರಿಸುತ್ತಿತ್ತು. ಅವರ ಮುಖ ಅರಳಿದ್ದನ್ನು ಎದುರಿಗಿದ್ದವರು ನೋಡಿದ್ದಾರೆ. ಅವರು ನಕ್ಷೆ ನೋಡಿದರು, ಮಗಳನ್ನು ನೋಡಿದರು, ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟರು. “ಗೊತ್ತಿಲ್ಲವ್ವಾ. ಖರೇನ ಗೊತ್ತಿಲ್ಲ” ಎಂದರು.

ಈ ಚಳಿಗಾಲದಲ್ಲಿ ಸದರಿಯವರು ನೀಡಿದ ಮುನ್ಸೂಚನೆಗಳಲ್ಲಿ ಇದೊಂದೇ ನಿಖರವಾದುದೆಂದು ಬಳಗವು ಪ್ರಮಾಣೀಕರಿಸುತ್ತದೆ. ಸೋನಾಲಿ “ಓಕೆ” ಎಂದು, ಪೆನ್ಸಿಲ್ ಎಲ್ಲಿದೆಯೆಂದು ಅಮ್ಮನನ್ನು ಕೇಳಿದಳು.

10. ಆದ್ದರಿಂದ ಶನಿವಾರದ ಕಾರ್ಯಕ್ರಮವು ಹಿಮ ಬಿದ್ದರೂ, ಮಳೆ ಬಂದರೂ, ಬಿಸಿಲು ಹೊಡೆದರೂ ನಡೆಯತಕ್ಕದ್ದು. ಸಭಾಂಗಣ ಮುಚ್ಚಿದಲ್ಲಿ ಅಧ್ಯಕ್ಷರ ಬೇಸ್‌ಮೆಂಟಿನಲ್ಲಿ ನಡೆಯತಕ್ಕದ್ದು. ದಾರಿಯ ಹಿಮವನ್ನು ಸದರಿಯವರೇ ಸಲಿಕೆ ಹಿಡಿದು ತೆಗೆಯತಕ್ಕದ್ದು. ಆ ವೇಳೆ ಅವರು ಸಂತೋಷಪಟ್ಟರೆ ಅದನ್ನು ಕರ್ತವ್ಯಲೋಪವೆಂದು ಭಾವಿಸತಕ್ಕದ್ದಲ್ಲ. ಝೂಮ್‌ನಲ್ಲಿ ನಡೆಸೋಣವೆಂಬ ಸಲಹೆಯನ್ನು ಮಕ್ಕಳು ಒಕ್ಕೊರಲಿನಿಂದ ತಿರಸ್ಕರಿಸಿದ್ದಾರೆ. ತಿಂಡಿಗೆ ಉಪ್ಪಿಟ್ಟು. ಇಡ್ಲಿಯ ಹೆಸರನ್ನು ಯಾರೂ ಎತ್ತತಕ್ಕದ್ದಲ್ಲ.

(ಸಹಿ)
ಶಿವಬಸಮ್ಮ ಬಸವಂತಪ್ಪ
ಕಾರ್ಯದರ್ಶಿ, ತುಂತುರು ಕನ್ನಡ ಬಳಗ

(ಕಾರ್ಯದರ್ಶಿಯವರು ಸದರಿ ಬಸವಂತಪ್ಪನವರ ಪತ್ನಿಯಾಗಿದ್ದು, ಈ ಕಾರಣಕ್ಕೆ ಸುತ್ತೋಲೆಯಲ್ಲಿ ಅವರಿಗೆ ಯಾವುದೇ ರಿಯಾಯಿತಿ ತೋರಿಸಿರುವುದಿಲ್ಲ.)

ಪ್ರತಿಗಳು:

1. ಅಧ್ಯಕ್ಷರಿಗೆ, ಬೇಸ್‌ಮೆಂಟಿನ ಟ್ರೆಡ್‌ಮಿಲ್ ಮೇಲೆ ಒಣಹಾಕಿರುವ ಬಟ್ಟೆಗಳನ್ನು ತೆಗೆಯುವ ಸೂಚನೆಯೊಂದಿಗೆ.

2. ಶ್ರೀಮತಿ ಬಸವ್ವ, ದಕ್ಷಿಣ ವೀಕ್ಷಣಾ ಕೇಂದ್ರ, ಷಾರ್ಲೆಟ್. ಶುಕ್ರವಾರ ಕಿಟಕಿಯಿಂದ ಕೈ ಚಾಚಿ, ಅಣ್ಣನಿಗಲ್ಲ, ಅತ್ತಿಗೆಗೆ ಫೋನ್ ಮಾಡಲು.

3. ಶ್ರೀ ಬಸವಂತಪ್ಪ, ಮಾಹಿತಿಗಾಗಿ. ಅಡಿಕೋಲನ್ನು ಮತ್ತೆ ಕಟ್ಟಲಾಗಿದೆ, ನೋಡಿಕೊಳ್ಳುವುದು. ಶನಿವಾರ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವುದು.

4. ಕುಮಾರಿ ಸೋನಾಲಿ, ಐದನೇ ತರಗತಿ. ಭಾಷಣದ ಶೀರ್ಷಿಕೆಯನ್ನು ‘ನಮ್ಮಪ್ಪನಿಗೆ ಹಿಮ ಬಿಟ್ಟು ಎಲ್ಲಾ ಗೊತ್ತು’ ಎಂದು ಪೆನ್ಸಿಲಿನಲ್ಲಿ ತಿದ್ದಿ ಸಲ್ಲಿಸಿರುವ ಮನವಿಯನ್ನು ಅಂಗೀಕರಿಸಲಾಗಿದೆ. ‘ಎಲ್ಲಾ’ ಎಂಬ ಪದಕ್ಕೆ ಕಾರ್ಯದರ್ಶಿಯವರ ಆಕ್ಷೇಪಣೆ ಇದ್ದು, ಈ ಒಂದು ಸಲಕ್ಕೆ ಅದನ್ನು ಹಿಂಪಡೆಯಲಾಗಿದೆ.