ಬೀಸುಕಲ್ಲಿಗೊಂದು ಟಿಕೀಟು

ನಮ್ಮ ಯಜಮಾನರ ಅಕ್ಕನ ಎದುರು ಯಾರೂ ಜಗಳ ಆಡಬಾರದು. ಆಡಿದರೆ ಜಗಳವೇ ಕೆಟ್ಟುಹೋಗುತ್ತದೆ!

ಐವತ್ತೆರಡನೇ ವಯಸ್ಸಿನಲ್ಲಿ ಜಾನಪದದ ಎಂ.ಎ.ಗೆ ಸೇರಿದವರು ಅವರು. ಸೀರೆಗೆ ಇಸ್ತ್ರಿ ಇರದಿದ್ದರೂ ನಡೆದೀತು, ಕುತ್ತಿಗೆಗೆ ಜೋತುಬಿದ್ದ ಮೊಬೈಲು ರೆಕಾರ್ಡಿಂಗಿಗೆಂದು ಚಾರ್ಜ್ ಆಗಿರಲೇಬೇಕು. ಒಮ್ಮೆ ಶಿಗ್ಗಾಂವ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಹೆಂಗಸರು ಸೀಟಿನ ಸಲುವಾಗಿ ಬೈದಾಡುತ್ತಿದ್ದರು. ಅಕ್ಕಾರು ನಡುವೆ ಹೋಗಿ ಮೊಬೈಲು ಚಾಚಿದರು. "ಭಾಳ ಚಲೋ ಬೈತೀರಿ. ಮೊದಲ ಹೆಸರು, ಊರು, ವಯಸ್ಸು ಹೇಳ್ರಿ. ಆಮ್ಯಾಲ ಇನ್ನೊಮ್ಮೆ ಬೈರಿ."

ವಯಸ್ಸು ಹೇಳಿ ಬೈಯುವ ಹೆಂಗಸು ಎಲ್ಲಿದ್ದಾಳೆ? ಇಬ್ಬರೂ ಸೆರಗು ಬಾಯಿಗೆ ಹಿಡಿದು ನಗುತ್ತ ಒಂದೇ ಸೀಟಿನಲ್ಲಿ ಕೂತರು. ಅಕ್ಕಾರು ಮಾತ್ರ ಮನೆ ಮುಟ್ಟುವವರೆಗೂ, "ಎಂಥಾ ಬೈಗಳ ಕೈ ತಪ್ಪಿ ಹೋತು" ಎಂದು ಮರುಗಿದರು.

ಬೀಸುವ ಪದಗಳ ಮೇಲೆ ಅವರ ಪ್ರಬಂಧ. ಒಪ್ಪಿಸಲು ಉಳಿದದ್ದು ಒಂದೇ ವಾರ, ತವರಿನ ಪದಗಳ ಅಧ್ಯಾಯ ಖಾಲಿ. ಅದಿಲ್ಲದೆ ಸಹಿ ಇಲ್ಲವೆಂದು ಗೈಡ್ ಕಡ್ಡಿ ಮುರಿದಂತೆ ಹೇಳಿದ್ದರು. ಅವನ್ನು ಬಲ್ಲವಳು ದುಂಡಸಿ ಊರಿನ ಒಬ್ಬ ಮುದುಕಿ, ಎಲ್ಲರ ಬಾಯಲ್ಲಿ ಆಯಿ. ಆಕೆಯ ಉತ್ತರ ಇಷ್ಟು: "ಕಲ್ಲು ತಿರುಗದ ಪದ ಬರೂದಿಲ್ಲ ತಂಗಿ. ನಮ್ಮ ಕಲ್ಲು ಒಡದು ಭಾಳ ವರ್ಷ ಆತು. ನೀ ತಂದರ ಒಂದ ಸೇರು ಬೀಸ್ತೇನಿ. ಅದರ ಮ್ಯಾಲ ತೋಳು ಮಾತು ಕೇಳೂದಿಲ್ಲ."

ನಮ್ಮ ಬೀಸುಕಲ್ಲಿನ ಮೇಲೆ ನಾನು ಮನಿಪ್ಲಾಂಟಿನ ಕುಂಡ ಇಟ್ಟಿದ್ದೆ. ಮರುದಿನ ಕುಂಡ ನೆಲದ ಮೇಲಿತ್ತು, ಕಲ್ಲು ಗೋಣಿಚೀಲದಲ್ಲಿತ್ತು. "ನಡಿ, ಒಂದು ತುದಿ ನೀ ಹಿಡಿ" ಅಂದರು.

ಬಸ್ಸಿನಲ್ಲಿ ಚೀಲಕ್ಕೆ ಎಡವಿದ ಕಂಡಕ್ಟರ್ ಕಾಲು ತಿಕ್ಕಿಕೊಳ್ಳುತ್ತ, "ಏನೈತ್ರಿ ಬಾಯಾರ ಇದರಾಗ?" ಅಂದ.

"ನನ್ನ ಎಂ.ಎ. ಐತ್ರಿ."

ನಾವು ಹೆಂಗಸರು, ನಮಗೆ ಪುಕ್ಕಟೆ. ಕಲ್ಲಿಗೆ ಮಾತ್ರ ಲಗೇಜಿನ ಟಿಕೀಟು ಹರಿದುಕೊಟ್ಟ.

ಆಯಿಯ ಎದುರು ಕೂತು ಗೂಟ ಹಿಡಿಯಲು ಇನ್ನೊಬ್ಬರು ಬೇಕು. ಅಕ್ಕಾರ ಕೈಯಲ್ಲಿ ಮೊಬೈಲು. ಉಳಿದವಳು ನಾನು, ಕಾನ್ವೆಂಟಿನಲ್ಲಿ ಓದಿದವಳು.

"ಕೈ ಭಾಳ ಮೆತ್ತಗದಾವ ನಿನ್ನವು. ನಿಮ್ಮವ್ವನ ಹೆಸರೇನವಾ?" ಆಯಿ ಕೇಳಿದಳು. ಹೇಳಿದೆ. ಎದುರು ಕೂತವಳ ತಾಯಿಯ ಹೆಸರು ಸೇರಿಸಿಯೇ ತವರಿನ ಪದ ಹಾಡುವುದು ಆಕೆಯ ವಾಡಿಕೆಯೆಂದು ನನಗೇನು ಗೊತ್ತು?

ಕಲ್ಲು ನಾಲ್ಕು ಸುತ್ತು ತಿರುಗುವುದರೊಳಗೆ ಆ ಹೆಸರು ಬಂತು. ಅವ್ವ ತೀರಿದ ಮೇಲೆ ಅದನ್ನು ಯಾರೂ ಬಾಯಿ ತುಂಬ ಕರೆದಿರಲಿಲ್ಲ. ಮಗಳ ಕೈ ಮೆತ್ತಗಿರಲೆಂದೇ ನನ್ನನ್ನು ಆ ಶಾಲೆಗೆ ಹಾಕಿದವಳು ಆಕೆ. ಕಣ್ಣು ಒರೆಸಿಕೊಳ್ಳೋಣವೆಂದರೆ ಗೂಟ ಬಿಡುವಂತಿಲ್ಲ.

ಬೀದಿ ಜಗಳವನ್ನೂ ಬಿಡದ ಅಕ್ಕಾರು ನನ್ನ ಮುಖ ನೋಡಿದರು. ಮೊಬೈಲು ಆರಿಸಿ ಚೀಲಕ್ಕೆ ಹಾಕಿದರು. ಸೇರು ಜೋಳ ಮುಗಿಯುವವರೆಗೆ ತೆಗೆಯಲಿಲ್ಲ.

"ಅಕ್ಕಾರ, ನಿಮ್ಮ ಪ್ರಬಂಧ?" ಅಂದೆ.

"ಮುಂದಿನ ವರ್ಷ ಕೊಡ್ತೇನಿ. ಇದು ನಿಂದು, ಗೈಡಿಗೆ ಯಾಕ?"

ಆಮೇಲೆ ಹಿಟ್ಟನ್ನೆಲ್ಲ ಬಳಿದು ನನ್ನ ಸೆರಗಿನ ಉಡಿಗೆ ಸುರಿದರು. "ಗಂಟು ಹಾಕ್ಕೊ. ತವರಿಗೆ ಬಂದಾಕಿ ಖಾಲಿ ಉಡೀಲೆ ಹೋಗಬಾರದು."