ಗಾಯಕಿಯ ಗಾಯಗಳ ಬಗ್ಗೆ ಅವಳ ಅಕ್ಕನ ತಕರಾರು

ಸಂಗೀತ ಸಂಸ್ಥೆಯ ವ್ಯವಸ್ಥಾಪಕರ ಸನ್ನಿಧಿಗೆ,

ಮಾನ್ಯರೇ,

ಯುವಜನರ ಕಣ್ಣೀರಿಗೆ ತಾಳ, ಲಯ ಮತ್ತು ಚೆಂದದ ಮುಖಪುಟವನ್ನು ಒದಗಿಸುತ್ತಿರುವ ತಮ್ಮ ಸಂಸ್ಥೆಗೂ, ತಣ್ಣನೆಯ ಕೋಣೆಯಲ್ಲಿ ಕುಳಿತು ಪರರ ದುಃಖವನ್ನು ತಮ್ಮದೆಂದೇ ತಿಳಿದು ದುಡಿಯುತ್ತಿರುವ ತಮಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ. ಈ ಸುದ್ದಿಯಿಂದ ತಮಗೆ ಬೇಸರವಾಗುತ್ತದೆಂದು ಗೊತ್ತಿದ್ದರೂ ಸುಳ್ಳು ಬರೆಯಲು ಮನಸ್ಸು ಬಾರದೆ ತಿಳಿಸುತ್ತಿದ್ದೇನೆ.

ತಾವು ನನ್ನನ್ನು ಮರೆತಿರಬಹುದು. ತನ್ನ ಹಾಡುಗಳನ್ನು ತಾನೇ ಬರೆದು, ತಾನೇ ರಾಗ ಕಟ್ಟಿ, ತಾನೇ ಹಾಡುವ, ಊರಿನ ಅರ್ಧ ಬಸ್ಸುಗಳ ಬೆನ್ನ ಮೇಲೆ ಗಲ್ಲಕ್ಕೆ ಕೈಯಿಟ್ಟು ದೂರ ನೋಡುತ್ತಿರುವ ತಮ್ಮ ಹೆಮ್ಮೆಯ ಗಾಯಕಿ ನನ್ನ ಒಡಹುಟ್ಟಿದ ತಂಗಿ. ನಾನು ಪೇಟೆ ಬೀದಿಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ತಾವು ಅವಳಿಗೆ ಇಟ್ಟಿರುವ ಹೆಸರು ಬಹಳ ಸೊಗಸಾಗಿದೆ. ಮನೆಯಲ್ಲಿ ಮಾತ್ರ ನಾವು ಅವಳನ್ನು ಪೀಪಿ ಎನ್ನುತ್ತೇವೆ. ತೊಟ್ಟಿಲಲ್ಲಿದ್ದಾಗ ಆಟಿಕೆಯ ಪೀಪಿಯಂತೆ ಒಂದೇ ಸ್ವರ ಹಿಡಿದು ಅಳುತ್ತಿದ್ದುದರಿಂದ ಬಂದ ಹೆಸರು ಅದು.

ನನ್ನ ತಕರಾರು ಇರುವುದು ಬಸ್ಸಿನ ಮೇಲಿನ ಆ ಚಿತ್ರದ ಕೆಳಗೆ ತಾವು ದಪ್ಪಕ್ಷರದಲ್ಲಿ ಬರೆಸಿರುವ ಒಂದು ಸಾಲಿನ ಬಗ್ಗೆ: ‘ಸ್ವಂತ ಬದುಕಿನ ಗಾಯಗಳಿಂದ ಹುಟ್ಟಿದ ಹಾಡುಗಳು’. ಮಾನ್ಯರೇ, ಹಾಡುಗಳು ಅವಳವೇ, ಅದರಲ್ಲಿ ಎರಡು ಮಾತಿಲ್ಲ. ಗಾಯಗಳು ನನ್ನವು.

ಪೀಪಿ ತನ್ನ ಸಲುವಾಗಿ ಅತ್ತಿದ್ದನ್ನು, ತೊಟ್ಟಿಲು ಬಿಟ್ಟಮೇಲೆ, ನಾನಂತೂ ಕಂಡಿರಲಿಲ್ಲ. ದಿಂಬಿಗೆ ತಲೆ ತಾಗಿದರೆ ಅವಳಿಗೆ ನಿದ್ದೆ, ತಟ್ಟೆ ಮುಂದೆ ಬಂದರೆ ಹಸಿವು. ಬೈಯಲು ಬಾಯಿ ತೆರೆದ ಮೇಷ್ಟ್ರು ಅವಳ ಮುಖ ನೋಡಿ ನಕ್ಕುಬಿಡುತ್ತಿದ್ದರು. ಅವಳು ಪ್ರೀತಿಸಿ ಬಿಟ್ಟ ಹುಡುಗರು ಕೂಡ ಆಮೇಲೆ ನಮ್ಮ ಮನೆಯ ಬಲ್ಬು ಬದಲಿಸಿಕೊಡಲು ಬರುತ್ತಿದ್ದರು. ಇಂಥವಳು ಗಿಟಾರು ಕಲಿತು, ನಮ್ಮ ಬೀದಿ ಮೂಲೆಯ ಕಾಫಿ ಅಂಗಡಿಯಲ್ಲಿ ಸಂಜೆ ಹೊತ್ತು ಹಾಡಲು ಕೂತಾಗ ಬರೆದ ಹಾಡುಗಳು ಎಂಥವೆಂದರೆ, ಜೋಡಿ ಕಳೆದುಕೊಂಡ ಕಾಲುಚೀಲದ ಮೇಲೊಂದು, ಪಕ್ಕದ ಮನೆಯ ದಪ್ಪ ಬೆಕ್ಕಿನ ಮೇಲೊಂದು, ಮಿಕ್ಕವೆಲ್ಲ ಬೆಳಿಗ್ಗೆ ತಡವಾಗಿ ಏಳುವ ಸುಖದ ಮೇಲೆ. ಹಾಡು ನಡೆಯುವಾಗ ಜನ ಕಾಫಿ ಕುಡಿಯುತ್ತಿದ್ದರು, ಹಾಡು ಮುಗಿದ ಮೇಲೂ ಕಾಫಿಯನ್ನೇ ಕುಡಿಯುತ್ತಿದ್ದರು. ಅಮ್ಮ ಒಬ್ಬಳೇ ಚಪ್ಪಾಳೆ ತಟ್ಟಿ ಸುತ್ತ ನೋಡುತ್ತಿದ್ದಳು.

ಅದೇ ಹೊತ್ತಿಗೆ, ಕಲಾಲೋಕದ ಪುಣ್ಯವೋ ಏನೋ, ಗೊತ್ತಾಗಿದ್ದ ನನ್ನ ಮದುವೆ ಮುರಿದುಬಿತ್ತು. ವರ ಫ್ರಿಜ್ಜು, ಟಿವಿ ಮಾರುವ ಮಳಿಗೆಯಲ್ಲಿ ಕೆಲಸ ಮಾಡುತ್ತಿದ್ದವರು. ಒಂದು ಮಧ್ಯಾಹ್ನ ನಾನು ಗಿರಾಕಿಯೊಬ್ಬರ ಕನ್ನಡಕದ ಕಡ್ಡಿಯನ್ನು ಬಿಸಿಮಾಡಿ ಬಗ್ಗಿಸುತ್ತಿದ್ದಾಗ ಫೋನು ಬಂತು. "ನೀನು ಒಳ್ಳೆಯವಳೇ. ಆದ್ರೆ ನಿನ್ನ ಜೊತೆ ಇದ್ರೆ, ಯಾರೂ ಇಲ್ದಿರೋ ಮನೇಲಿ ಟಿವಿ ಹಾಕ್ಕೊಂಡು ಕೂತಂಗಿರುತ್ತೆ" ಎಂದರು. ವೃತ್ತಿಗೆ ತಕ್ಕ ಹೋಲಿಕೆ, ಆಕ್ಷೇಪಿಸುವಂತಿಲ್ಲ. ಕಡ್ಡಿ ಹೆಚ್ಚು ಬಗ್ಗಿ ಕೈಯಲ್ಲೇ ಮುರಿಯಿತು. ಆ ಸಂಜೆ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಾ ಪೀಪಿಗೆ ಎಲ್ಲ ಹೇಳಿದೆ. ನನಗಿಂತ ಅವಳೇ ಹೆಚ್ಚು ಅತ್ತಳು. ಒಣಗಿದ್ದ ಹೊದಿಕೆಯನ್ನು ಮತ್ತೆ ಹಗ್ಗಕ್ಕೆ ಹಾಕಬೇಕಾಯಿತು.

ಮುಂದಿನ ವಾರ ಅವಳು ಕಾಫಿ ಅಂಗಡಿಯಲ್ಲಿ ಹೊಸ ಹಾಡು ಹಾಡಿದಳು. ಯಾರೂ ಇಲ್ಲದ ಮನೆಯಲ್ಲಿ ತನ್ನಷ್ಟಕ್ಕೆ ಮಾತಾಡುವ ಟಿವಿಯೊಂದರ ಹಾಡು. ಕಪ್ಪುಗಳಲ್ಲಿ ಕಾಫಿ ಆರಿತು. ಮೂಲೆಯಲ್ಲಿ ಕೂತಿದ್ದ ಹೆಂಗಸೊಬ್ಬರು ಬಿಕ್ಕಿದರು. ಯಾರೋ ಫೋನಿನಲ್ಲಿ ಹಿಡಿದಿದ್ದು ಊರೆಲ್ಲ ಹಬ್ಬಿ, ಕೊನೆಗೆ ತಮ್ಮ ಸಂಸ್ಥೆಯ ಕಾರು ನಮ್ಮ ಬೀದಿಗೆ ಬಂದು, ತಿರುಗಿಸಲು ಜಾಗವಿಲ್ಲದೆ, ಹಿಮ್ಮುಖವಾಗಿಯೇ ವಾಪಸು ಹೋಯಿತು. ಆ ವೇಳೆಗೆ ಅವಳು ಸಹಿ ಮಾಡಿಯಾಗಿತ್ತು.

ನಾನು ಆಗ ಕೋಪ ಮಾಡಿಕೊಳ್ಳಲಿಲ್ಲ. ತಂಗಿಯ ಏಳಿಗೆಗೆ ಒಂದು ದುಃಖ ಕೊಟ್ಟರೇನಂತೆ ಅಂದುಕೊಂಡೆ. ಆದರೆ ಒಂದೇ ದುಃಖದಿಂದ ಒಂದು ಆಲ್ಬಮ್ ಆಗುವುದಿಲ್ಲವಲ್ಲ. ಜೀವದ ಗೆಳತಿ ನನ್ನ ಜೊತೆ ಮಾತು ಬಿಟ್ಟದ್ದು, ಎಲ್ಲರೂ ಊರಿಗೆ ಹೋದಾಗ ನಾನು ಕನ್ನಡಿಯ ಜೊತೆ ಮಾತಾಡಿ ಸಿಕ್ಕಿಬಿದ್ದದ್ದು, ಮದುವೆಗೆಂದು ತಂದ ಚಪ್ಪಲಿಯನ್ನು ಕೆಲಸಕ್ಕೆ ಹಾಕಿಕೊಂಡು ಹೋಗಿ ಸವೆಸಿದ್ದು, ಹೀಗೆ ತಾರಸಿಯಲ್ಲಿ ಬಟ್ಟೆ ಮಡಿಸುತ್ತಾ ನಾನು ಆಡಿದ್ದೆಲ್ಲವೂ ಎರಡು ಆಲ್ಬಮ್‌ಗಳ ತುಂಬ ಪಿಟೀಲಿನ ಸಮೇತ ಹೊರಬಂತು. ಸಂದರ್ಶನಗಳಲ್ಲಿ ತಾವು ಅವಳಿಗೆ ಇಷ್ಟು ಚಿಕ್ಕ ವಯಸ್ಸಿನಲ್ಲಿ ಎಷ್ಟೊಂದು ನೋವು ಎಂದು ನಿಟ್ಟುಸಿರು ಬಿಟ್ಟಿರಿ. ತಮ್ಮ ನಿಟ್ಟುಸಿರಿನ ಗುಣಮಟ್ಟವನ್ನು ನಾನು ಮನಸಾರೆ ಮೆಚ್ಚಿದ್ದೇನೆ.

ಅಂಗಡಿಯಲ್ಲಿ ಮಾತ್ರ ನನಗೆ ಕಷ್ಟವಾಗತೊಡಗಿತು. ಗಿರಾಕಿಗಳ ಕಿವಿಯ ಹಿಂದೆ ಕಡ್ಡಿ ಸರಿಮಾಡಲು ಹತ್ತಿರ ಹೋದರೆ ಅವರು ನನ್ನ ಎದೆನೋವನ್ನೇ ಗುನುಗುತ್ತಿರುತ್ತಿದ್ದರು. ಒಂದು ದಿನ ಆ ಟಿವಿ ಮಳಿಗೆಯವರೇ ಹೆಂಡತಿಯ ಜೊತೆ ಬಂದರು. ನನ್ನನ್ನು ಕಂಡು ಮೊದಲು ಬಾಗಿಲ ಕಡೆ ನೋಡಿದರು, ಆಮೇಲೆ ಧೈರ್ಯ ತಂದುಕೊಂಡು ಕೂತರು. ಅವರ ಎರಡು ಕಣ್ಣುಗಳ ನಡುವಿನ ಅಂತರವನ್ನು ನಾನು ಅಳೆಯುತ್ತಿರುವಾಗ ಅಂಗಡಿಯ ರೇಡಿಯೋದಲ್ಲಿ ಅದೇ ಹಾಡು ಬಂತು. ಅವರ ಹೆಂಡತಿ, ಇದು ನಮ್ಮಿಬ್ಬರ ಮೆಚ್ಚಿನ ಹಾಡು, ಇದನ್ನು ಕೇಳಿದರೆ ಇವರ ಕಣ್ಣು ತುಂಬುತ್ತದೆ ಎಂದರು. ನಿಜವಾಗಿಯೂ ತುಂಬಿತು. ಅಳತೆ ತಪ್ಪಿತು. ಕಣ್ಣೊರೆಸಿಕೊಂಡು ಅವರು, "ಪಾಪ, ಆ ಹುಡುಗೀಗೆ ಇಂಥ ಮಾತು ಯಾವನು ಹೇಳಿದನೋ" ಎಂದು ನನ್ನನ್ನೇ ಕೇಳಿದರು. ನಾನು ಮತ್ತೆ ಅಳತೆ ತೆಗೆದುಕೊಂಡೆ.

ಇಷ್ಟಾದ ಮೇಲೆ ನನ್ನ ಕಡೆಯಿಂದ ತಮ್ಮ ಸಂಸ್ಥೆಗೆ ಒಂದು ದೊಡ್ಡ ನಷ್ಟವಾಯಿತು. ನಾನು ಸಂತೋಷವಾಗಿರತೊಡಗಿದೆ. ಲಿಫ್ಟ್ ರಿಪೇರಿ ಮಾಡುವ ಒಬ್ಬರು ಓದುವ ಕನ್ನಡಕಕ್ಕೆ ಬಂದರು. ಆಮೇಲೆ ಅದು ಸೊಟ್ಟಗಾಗಿದೆಯೆಂದು ಮತ್ತೆ ಮತ್ತೆ ಬಂದರು. ಮನುಷ್ಯ ಕನ್ನಡಕವನ್ನು ಜೇಬಿನಲ್ಲಿಟ್ಟುಕೊಂಡು ಮಲಗುತ್ತಾರೇನೋ ಎಂದು ನಾನು ಅನುಮಾನಿಸಿದರೆ, ತಾನೇ ಅಂಗಡಿಯ ಹೊರಗೆ ನಿಂತು ಬಗ್ಗಿಸಿಕೊಂಡು ಒಳಗೆ ಬರುತ್ತಿದ್ದೆನೆಂದು ಬಹಳ ನಾಚಿಕೆಯಿಂದ ಒಪ್ಪಿಕೊಂಡರು. ಹೆಚ್ಚು ಮಾತಿನವರಲ್ಲ. ಆದರೆ ನಾನು ಮಾತಾಡುವಾಗ ಫೋನು ತೆಗೆದು ನೋಡುವವರೂ ಅಲ್ಲ.

ಈ ಸುದ್ದಿಯನ್ನು ನಾನು ಪೀಪಿಗೆ ಹೇಳಲಿಲ್ಲ. ಹೇಳಿದರೆ ಅದಕ್ಕೂ ಪಿಟೀಲು ಸೇರಿಸುತ್ತಾರೆಂಬ ಭಯ. ಒಂದನ್ನು ಮುಚ್ಚಿಟ್ಟರೆ ಅದರ ಅಕ್ಕಪಕ್ಕದ್ದನ್ನೂ ಮುಚ್ಚಿಡಬೇಕಾಗುತ್ತದೆ. ನಿಧಾನವಾಗಿ ನಮ್ಮ ಮಧ್ಯೆ ಉಪ್ಪು, ಬೀಗದ ಕೈ, ನೀರು ಬಂತೋ ಇಲ್ಲವೋ ಎಂಬಷ್ಟೇ ಮಾತು ಉಳಿಯಿತು. ಅತ್ತ ಮೂರನೆಯ ಆಲ್ಬಮ್‌ಗೆ ಹಾಡುಗಳು ಹುಟ್ಟಲಿಲ್ಲ.

ಆಗ ತಾವು ಹಣ್ಣಿನ ಬುಟ್ಟಿ ಹಿಡಿದು ನಮ್ಮ ಮನೆಗೆ ದಯಮಾಡಿಸಿದಿರಿ. ಸೋಫಾದ ಹರಿದ ಬದಿಯಲ್ಲೇ ಕೂತು, ಮನೆಯಲ್ಲಿ ಎಲ್ಲ ಹೇಗಿದೆ ಎಂದು ನನ್ನನ್ನು ವಿಚಾರಿಸಿದಿರಿ. ಎಲ್ಲ ಚೆನ್ನಾಗಿದೆ ಎಂದೆ. ತಮ್ಮ ಮುಖ ಸಣ್ಣದಾಯಿತು. ಪೀಪಿ ಒಳಗೆ ಹೋದ ಹೊತ್ತು ನೋಡಿ ಅಮ್ಮ, ಹೆಮ್ಮೆ ತಡೆಯಲಾರದೆ, ಲಿಫ್ಟಿನವರ ವಿಷಯ ಬಾಯಿಬಿಟ್ಟಳು. ತಾವು ಸ್ವಲ್ಪ ಹೊತ್ತು ಯೋಚಿಸಿ ನನ್ನ ಕಡೆ ಬಾಗಿ, "ಲಿಫ್ಟ್ ಕೆಲಸ ಅಂದ್ರೆ ಸ್ವಲ್ಪ ಅಪಾಯದ್ದಲ್ವಾ?" ಎಂದು ಕೇಳಿದಿರಿ. ಮಾನ್ಯರೇ, ಆ ಪ್ರಶ್ನೆಯಲ್ಲಿ ಕಾಳಜಿ ಇತ್ತು. ಆದರೆ ತಮ್ಮ ಕಣ್ಣಿನಲ್ಲಿ ಇದ್ದದ್ದು ಆಸೆ.

ತಾವು ಹೋದ ಮೇಲೆ ಪೀಪಿ ಅಡುಗೆಮನೆಗೆ ಬಂದಳು. ತಟ್ಟೆ ಮುಂದಿಟ್ಟುಕೊಂಡು, ಅಕ್ಕ ತನ್ನ ಹತ್ತಿರ ಮಾತಾಡುವುದನ್ನೇ ಬಿಟ್ಟಿದ್ದಾಳೆ, ಯಾಕೆ ಎಂದು ಕೇಳಿದಳು. ಈಗ ತಾನೇ ಉಪ್ಪು ಕೊಡು ಎಂದೆನಲ್ಲ, ಅದು ಮಾತಲ್ಲವೇ ಎಂದೆ. ಅವಳು ಬಿಡಲಿಲ್ಲ. ಕೊನೆಗೆ ನಾನು ಹೇಳಿಬಿಟ್ಟೆ: "ನಿನ್ನ ಹತ್ರ ಹೇಳಿದ್ದೆಲ್ಲ ಬಸ್ಸಿನ ಮೇಲೆ ಬರುತ್ತೆ ಪೀಪಿ. ನನಗೇ ಅಂತ ಏನಾದ್ರೂ ಒಂದು ಇಟ್ಕೋತೀನಿ." ಅವಳು ಊಟ ಅರ್ಧಕ್ಕೆ ಬಿಟ್ಟು ಎದ್ದಳು. ಅವಳ ತಟ್ಟೆಯಲ್ಲಿ ಏನಾದರೂ ಉಳಿದದ್ದನ್ನು ಅಮ್ಮ ಅಂದೇ ಮೊದಲು ನೋಡಿದ್ದು; ತಟ್ಟೆಯನ್ನು ಎತ್ತಿಕೊಂಡು, ತೊಳೆಯಲು ಮನಸ್ಸಾಗದೆ, ಸುಮ್ಮನೆ ನಿಂತಿದ್ದಳು.

ಮುಂದಿನದು ತಮಗೆ ಗೊತ್ತು. ಹಾಡುಗಳು ಬಂದವು, ಆಲ್ಬಮ್ ಆಯಿತು, ಬಿಡುಗಡೆಯ ಕಾರ್ಯಕ್ರಮಕ್ಕೆ ತಾವು ನಮಗೆ ಮುಂದಿನ ಸಾಲಿನಲ್ಲೇ ಕುರ್ಚಿ ಕೊಟ್ಟಿರಿ. ಪೀಪಿ ಗಿಟಾರೊಂದನ್ನೇ ಹಿಡಿದು ಹೊಸ ಹಾಡು ಹಾಡಿದಳು. ಒಂದೇ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು. ಒಬ್ಬಳು ಉಪ್ಪು ಕೇಳುತ್ತಾಳೆ, ಬೀಗದ ಕೈ ಕೇಳುತ್ತಾಳೆ, ಮಿಕ್ಕಿದ್ದನ್ನು ಹಲ್ಲಿನ ಹಿಂದೆ ಇಟ್ಟುಕೊಂಡು ಮಲಗುತ್ತಾಳೆ. ಇನ್ನೊಬ್ಬಳು ಬಾಗಿಲ ಹೊರಗೆ ನಿಂತು, ಒಳಗಿನಿಂದ ಬರುವ ನಗುವನ್ನು ಕೇಳಿಸಿಕೊಳ್ಳುತ್ತಾಳೆ. ನಾನು ಫೋನಿನಲ್ಲಿ ಲಿಫ್ಟಿನವರ ಜೊತೆ ನಗುತ್ತಿದ್ದುದು ಅವಳಿಗೆ ಕೇಳಿಸುತ್ತಿತ್ತೆಂದು ನನಗೆ ತಿಳಿದದ್ದು ಅಲ್ಲೇ, ಅಷ್ಟು ಸಾವಿರ ಜನರ ಜೊತೆ. ಪಕ್ಕದ ಕುರ್ಚಿಯವರು ಮೂಗೊರೆಸಿಕೊಂಡು, ಎಂಥ ಕಲ್ಲುಮನಸ್ಸಿನ ಅಕ್ಕನೋ ಎಂದರು. ಹೌದು ಎಂದೆ.

ಕಾರ್ಯಕ್ರಮ ಮುಗಿದ ಮೇಲೆ ಜಗಳವಾಡಲೆಂದೇ ಹಿಂದಿನ ಕೋಣೆಗೆ ಹೋದೆ. ಪೀಪಿ ಕನ್ನಡಿಯ ಮುಂದೆ ಕೂತು ಬಣ್ಣ ಒರೆಸುತ್ತಾ ಅಳುತ್ತಿದ್ದಳು, ತೊಟ್ಟಿಲಿನ ಅದೇ ಒಂದು ಸ್ವರದಲ್ಲಿ. ನನ್ನನ್ನು ನೋಡಿ, "ನೀನು ಅತ್ರೆ ಏನು ಮಾಡ್ಬೇಕು ಅಂತ ನಂಗೆ ಗೊತ್ತಾಗಲ್ಲ ಅಕ್ಕ. ಹಾಡು ಕಟ್ಟೋದೊಂದೇ ಬರೋದು. ನಿನ್ನ ಕೇಳಿ ಕಟ್ಬೇಕಿತ್ತು, ಕೇಳಲಿಲ್ಲ" ಎಂದಳು. ಜಗಳದ ಮಾತುಗಳನ್ನು ಚೆನ್ನಾಗಿ ಜೋಡಿಸಿಕೊಂಡು ಹೋಗಿದ್ದೆ, ಒಂದೂ ಉಪಯೋಗಕ್ಕೆ ಬರಲಿಲ್ಲ. ದೊಡ್ಡ ಸ್ಪೀಕರಿನ ಪೆಟ್ಟಿಗೆಯ ಮೇಲೆ ಕೂತು, ಲಿಫ್ಟಿನವರ ವಿಷಯವನ್ನು ಮೊದಲಿನಿಂದ ಹೇಳಿದೆ. ಸೊಟ್ಟ ಕನ್ನಡಕದ ಭಾಗಕ್ಕೆ ಬಂದಾಗ ಅವಳು ಅಳುತ್ತಲೇ ನಕ್ಕು, ಆಮೇಲೆ ತುಂಬ ಎಚ್ಚರದಿಂದ, "ಇದನ್ನ ಹಾಡ್ಲಾ?" ಎಂದು ಕೇಳಿದಳು. ಬೇಡ ಎಂದೆ. ಆಯ್ತು ಎಂದಳು. ಇವತ್ತಿನವರೆಗೂ ಹಾಡಿಲ್ಲ.

ಅದಾದ ಮೇಲೆ ಅವಳು ನನ್ನ ಒಪ್ಪಿಗೆ ಪಡೆದೇ ರೇಡಿಯೋ ಸಂದರ್ಶನದಲ್ಲಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು: ಮೊದಲ ಎರಡು ಆಲ್ಬಮ್‌ಗಳಲ್ಲಿರುವುದು ತನ್ನ ಅಕ್ಕನ ಬದುಕು, ತನಗೆ ಅಂಥದ್ದೇನೂ ಆಗಿರಲಿಲ್ಲ ಎಂದು. ಪ್ರಸಾರದ ದಿನ ನಾವು ಮೂವರೂ ರೇಡಿಯೋ ಮುಂದೆ ಕೂತೆವು. ಆ ಮಾತುಗಳಿದ್ದ ಜಾಗದಲ್ಲಿ ಗಿಟಾರಿನ ಇಂಪಾದ ನಾದ ಬಂತು. ಪೀಪಿ ವಿಚಾರಿಸಿದಾಗ, ಕತ್ತರಿ ಹಾಕಿಸಿದ್ದು ತಾವೇ ಎಂದು ತಮ್ಮ ಸಹಾಯಕಿಯೇ ತಿಳಿಸಿದರು. ಸಂತೋಷವಾಗಿ ಬೆಳೆದವಳ ದುಃಖದ ಹಾಡನ್ನು ಯಾರು ಕೇಳುತ್ತಾರೆ ಎಂದು ತಾವು ಅಪ್ಪಣೆ ಕೊಡಿಸಿದಿರಂತೆ. ತಮ್ಮ ದೂರದೃಷ್ಟಿಗೆ ಶರಣು. ಈ ಪತ್ರವನ್ನು ಹತ್ತು ಜನ ನೋಡುವ ಹಾಗೆ ಬರೆಯಬೇಕಾಗಿ ಬಂದದ್ದು ಅದರಿಂದಲೇ. ಪೀಪಿ ಇದನ್ನು ಓದಿದ್ದಾಳೆ. ವಾಕ್ಯಗಳು ಉದ್ದವಾದವು, ಹಾಡಲು ಬರುವುದಿಲ್ಲ ಎಂದಿದ್ದಾಳೆ.

ಆದಕಾರಣ ತಮ್ಮಲ್ಲಿ ನನ್ನ ವಿನಮ್ರ ಬಿನ್ನಹ. ಊರಿನ ಬಸ್ಸುಗಳನ್ನೆಲ್ಲ ಒಂದು ಮಧ್ಯಾಹ್ನ ನಿಲ್ಲಿಸಿ, ಹಳೆಯ ಎರಡು ಆಲ್ಬಮ್‌ಗಳ ಚಿತ್ರದ ಕೆಳಗೆ ‘ಗಾಯಗಳು: ಅಕ್ಕನವು’ ಎಂದು ಅಷ್ಟೇ ದಪ್ಪಕ್ಷರದಲ್ಲಿ ಸೇರಿಸಬೇಕು. ಈ ಹಾಡುಗಳಿಗೆ ಇದುವರೆಗೆ ಅತ್ತವರೆಲ್ಲ ಯಾರ ಹೆಸರಿನಲ್ಲಿ ಅತ್ತರೋ ಅದನ್ನು ನನ್ನ ಹೆಸರಿಗೆ ವರ್ಗಾಯಿಸುವ ವ್ಯವಸ್ಥೆ ಮಾಡಬೇಕು. ಟಿವಿ ಮಳಿಗೆಯವರ ಕಣ್ಣೀರು ಮಾತ್ರ ನನಗೆ ಬೇಡ, ತಾವೇ ಇಟ್ಟುಕೊಳ್ಳಬಹುದು. ಮೂರನೆಯ ಆಲ್ಬಮ್ಮಿನ ವಿಷಯದಲ್ಲಿ ನನ್ನ ತಕರಾರಿಲ್ಲ. ಆ ಗಾಯ ಪೂರ್ತಿಯಾಗಿ ಅವಳದೇ, ಮಾಡಿದವಳು ನಾನೇ, ಅಲ್ಲಿ ತಮ್ಮ ದಪ್ಪಕ್ಷರ ಸತ್ಯವನ್ನೇ ಹೇಳುತ್ತಿದೆ. ಇನ್ನು ಮುಂದೆ ಅವಳಿಗೆ ಒಂದಷ್ಟು ಕಾಲ ಏನೂ ಆಗದಿದ್ದರೆ, ಏನೂ ಆಗದವಳು ಹೇಗೆ ಹಾಡುತ್ತಾಳೋ ಹಾಗೆ ಹಾಡಲು ತಾವು ಬಿಡಬೇಕು. ಕೇಳುವವರು ಕಾಫಿ ಕುಡಿದರೆ ಕುಡಿಯಲಿ.

ತಮ್ಮ ಏಳಿಗೆಯನ್ನು ಸದಾ ಬಯಸುವ, ಸದ್ಯಕ್ಕೆ ಯಾವ ದುಃಖವನ್ನೂ ಒದಗಿಸಲಾರದ

ತಮ್ಮ ವಿಶ್ವಾಸಿ,
ಗಾಯಕಿಯ ಅಕ್ಕ

ಮರೆತ ಮಾತು: ಇಂದು ಬೆಳಿಗ್ಗೆ ತಮ್ಮ ಸಹಾಯಕಿ ಫೋನು ಮಾಡಿ, ತಾವು ನಮ್ಮ ಅಮ್ಮನ ಆರೋಗ್ಯದ ಬಗ್ಗೆ ವಿಚಾರಿಸಲು ಹೇಳಿದಿರೆಂದು ತಿಳಿಸಿದರು. ತಮ್ಮ ಅಂತಃಕರಣಕ್ಕೆ ನಾವು ಋಣಿ. ಅಮ್ಮ ಪಕ್ಕದಲ್ಲೇ ನಿಂತು ಬರೆಸುತ್ತಿದ್ದಾಳೆ: "ಬಿಪಿ, ಸಕ್ಕರೆ ಎಲ್ಲಾ ಸರಿಯಾಗಿದೆ. ನಾನು ಇನ್ನೂ ಬಹಳ ವರ್ಷ ಇರ್ತೀನಿ, ಅವರು ಬೇರೆ ಏರ್ಪಾಡು ನೋಡ್ಕೊಳ್ಲಿ ಅಂತ ಬರಿ."