ಅಸೂಟಿಗೆ ಹೋಗಿಬಂದ ಹಳೇ ಫೋನು

ಹಳೇ ನಾಣ್ಯ ಕೂಡಿಹಾಕುವವನನ್ನು ಜನ ರಸಿಕ ಎನ್ನುತ್ತಾರೆ. ಹಳೇ ಮೊಬೈಲು ಕೂಡಿಹಾಕುವವನನ್ನು ಮೇಲಿಂದ ಕೆಳಗೆ ನೋಡಿ ತಮ್ಮ ಜೇಬು ಮುಟ್ಟಿಕೊಳ್ಳುತ್ತಾರೆ. ಗಜೇಂದ್ರಗಡದಲ್ಲಿ ಗಣಿತ ಕಲಿಸುವ ನನಗೆ ಈ ಚಟ ಹೇಗೆ ಅಂಟಿತೋ ತಿಳಿಯದು. ಕರೆಗೊಂದು, ಹಾಡಿಗೊಂದು, ಅಲಾರಮ್ಮಿಗೊಂದು, ಟಾರ್ಚಿಗೊಂದು ಎಂದು ನಾಲ್ಕು ಫೋನು ಸದಾ ನನ್ನ ಚೀಲದಲ್ಲಿರುತ್ತವೆ. ಹೊಸ ಫೋನಿನ ಮೇಲೆ ನನಗೆ ನಂಬಿಕೆಯಿಲ್ಲ. ಅದು ಮನೆಯ ಮಾತೆಲ್ಲ ಕದ್ದು ಕೇಳುತ್ತದಂತೆ. ಹಳೆಯದಕ್ಕೆ ಎದುರು ನಿಂತು ಕೂಗಿದರೂ ಕೇಳಿಸುವುದಿಲ್ಲ.

ಹೋದ ತಿಂಗಳು ರೋಣದಲ್ಲಿ ಫೋನ್ ರಿಪೇರಿ ಮಾಡುವ ಖಾದರಸಾಬರ ಅಂಗಡಿಯಿಂದ ಇನ್ನೊಂದನ್ನು ತಂದೆ. ಮನೆಗೆ ಬಂದು ನೋಡಿದರೆ ಒಳಗಿನ ಫೋಟೋಗಳನ್ನು ಯಾರೂ ಅಳಿಸಿರಲಿಲ್ಲ. ಒಬ್ಬ ಮುದುಕಿ, ಒಂದು ಬಿಳಿ ಎತ್ತು, ಮತ್ತೆ ಅದೇ ಎತ್ತು, ಅದರ ಹಿಂದೆ ಅಸೂಟಿ ಎಂಬ ಹಳ್ಳಿಯ ಶಾಲೆಯ ಬೋರ್ಡು. ತಾನಾಗಿ ಮಾರಿದವನು ಇಷ್ಟೆಲ್ಲ ಒಳಗೆ ಬಿಟ್ಟು ಮಾರುತ್ತಾನೆಯೇ? ಕಳವಿನ ಮಾಲೇ ಇರಬೇಕೆಂದು ಖಾದರಸಾಬರಿಗೆ ಫೋನ್ ಹಚ್ಚಿದೆ.

"ಕೊಟ್ಟವರು ಹೆಸರ ಹೇಳಬ್ಯಾಡ್ರಿ ಅಂದಾರ, ಸರ," ಎಂದು ಅವರು ಮಾತು ಮುಗಿಸಿದರು.

ನನ್ನ ಅನುಮಾನ ಗಟ್ಟಿಯಾಯಿತು. ವರ್ಷಗಟ್ಟಲೆ ಚಹಾ ಕುಡಿಸಿದ ಮನುಷ್ಯನನ್ನು ಒಂದೇ ಗಳಿಗೆಯಲ್ಲಿ ಕಳ್ಳರ ಗೆಳೆಯನನ್ನಾಗಿ ಮಾಡಿಬಿಟ್ಟೆ.

ರವಿವಾರ ಬೈಕು ಹತ್ತಿ ಅಸೂಟಿಗೆ ಹೋದೆ. ಬಸ್ ನಿಲ್ದಾಣದಲ್ಲಿ ಫೋಟೋ ತೋರಿಸಿದರೆ, ಜನಕ್ಕೆ ಮುದುಕಿಗಿಂತ ಮೊದಲು ಎತ್ತಿನ ಗುರುತು ಹತ್ತಿತು. ಅದು ಫಕೀರಪ್ಪನ ಎತ್ತು ಎಂದು ನಾಲ್ಕೈದು ಮಂದಿ ನನ್ನನ್ನು ಅವನ ಮನೆಗೇ ಕರೆದೊಯ್ದರು. ಫಕೀರಪ್ಪ ಕಟ್ಟೆಯ ಮೇಲೆ ಕೂತಿದ್ದ. ಅವನ ಹೆಂಡತಿ ನೀಲವ್ವ ಬಾಗಿಲಲ್ಲಿ ನಿಂತಿದ್ದಳು. ಫೋನು ನೋಡಿ ಅವನು ಎದ್ದು ನಿಂತ.

"ಇದು ನಿಮ್ಮ ಕೈಗೆ ಹ್ಯಾಂಗ ಬಂತರಿ?"

ಮೈ ಬೆವರಿತು. ಕರವಸ್ತ್ರಕ್ಕೆಂದು ಚೀಲಕ್ಕೆ ಕೈ ಹಾಕಿ ಎಳೆದರೆ, ಅದರ ಸಂಗಡ ನಾಲ್ಕೂ ಫೋನು ಕಟ್ಟೆಯ ಮೇಲೆ ಬಿದ್ದವು.

"ಒಂದಲ್ಲೋ, ಐದ ಅದಾವು," ಎಂದ ಹಿಂದಿನಿಂದ ಒಬ್ಬ ಹಿರಿಯ. ಇನ್ನೊಬ್ಬ ಸದ್ದಿಲ್ಲದೆ ನನ್ನ ಬೈಕಿನ ಕೀಲಿ ತೆಗೆದುಕೊಂಡ. ನಾನು ಮಾಸ್ತರ ಎಂದೆ, ಯಾರೂ ನಂಬಲಿಲ್ಲ. ಕೊನೆಗೆ, ಕಳ್ಳರ ಗೆಳೆಯನೆಂದು ನಾನು ತೀರ್ಮಾನಿಸಿದ್ದ ಖಾದರಸಾಬರಿಗೇ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟೆ.

"ಅವರನ್ನ ಬಿಡ್ರಿ. ಅವರು ಕಳ್ಳರಲ್ಲ, ಹಳೇ ಫೋನಿನ ಹುಚ್ಚರು," ಎಂದರು ಖಾದರಸಾಬರು. ಫಕೀರಪ್ಪ ತನ್ನ ಹೆಸರು ಹೇಳಿ, ಅದು ತನ್ನ ಫೋನು ಎಂದ ಮೇಲೆ, "ಆ ಫೋನ ನಿಮ್ಮ ಮನಿಯವರ ತಂದು ಕೊಟ್ಟಾರ್ರಿ," ಎಂದರು.

ಎಲ್ಲರೂ ಬಾಗಿಲ ಕಡೆ ತಿರುಗಿದರು.

"ಬಸ್ಸಿನ್ಯಾಗ ಬಿತ್ತು ಅಂದಿದ್ದಿ," ಎಂದ ಫಕೀರಪ್ಪ.

ನೀಲವ್ವ ತಲೆ ತಗ್ಗಿಸಲಿಲ್ಲ. "ಹೌದು, ನಾನ ಕೊಟ್ಟೀನಿ. ಊಟಕ್ಕ ಕುಂತಾಗೂ ಆ ಫೋನ ನೋಡ್ತಿದ್ರಿ. ನನ್ನ ಮಾರಿ ನೋಡಿ ಎಷ್ಟ ದಿನ ಆಗಿತ್ತು, ಹೇಳ್ರಿ. ಪಲ್ಯಾಕ ಉಪ್ಪ ಹಾಕದ ಬಡಿಸಿದೆ. ಅದೂ ಗೊತ್ತಾಗಲಿಲ್ಲ ನಿಮಗ."

ಫಕೀರಪ್ಪ ನನ್ನ ಕೈಯಿಂದ ಫೋನು ಈಸಿಕೊಂಡ. ಆಮೇಲೆ ಮುದುಕಿಯ ಫೋಟೋ ತೆಗೆದು ತೋರಿಸಿ, "ನಮ್ಮವ್ವರಿ. ಈಗಿಲ್ಲ. ಇದೊಂದಕ್ಕ ಕಟ್ಟು ಹಾಕಿಸಿ ಕೊಡ್ರಿ ಸರ, ಫೋನ ನೀವ ಇಟಗೊಳ್ರಿ," ಎಂದ. ನೀಲವ್ವ ಒಳಗೆ ಹೋಗಿ ಚಹಾಕ್ಕಿಟ್ಟಳು. ಬೈಕಿನ ಕೀಲಿ ನನ್ನ ಕೈಗೆ ಬಂತು.

ವಾಪಸು ಬರುವಾಗ ರೋಣದಲ್ಲಿಳಿದು ಖಾದರಸಾಬರ ಎದುರು ನಿಂತೆ. ಕ್ಷಮೆ ಕೇಳುವ ಮೊದಲೇ ಅವರು ಸ್ಟೂಲು ಸರಿಸಿ ಕೂಡಲು ಹೇಳಿದರು.

ಮನೆಯಲ್ಲಿ ಊಟಕ್ಕೆ ಕೂತು ಈ ಕಥೆಯನ್ನೆಲ್ಲ ರಸವತ್ತಾಗಿ ಹೆಂಡತಿಗೆ ಹೇಳಿದೆ. ಆಕೆ ಪೂರ್ತಿ ಕೇಳಿ, ರೊಟ್ಟಿ ಹಾಕುತ್ತ ವಿಚಾರಿಸಿದಳು:

"ಆ ಖಾದರಸಾಬರ ಅಂಗಡಿ ರೋಣದಾಗ ಎಲ್ಲಿ ಬರತೈತ್ರಿ?"

ರೋಣದಾಚೆ, ನರಗುಂದದ ಕಡೆ ಎಲ್ಲೋ ಎಂದು ಸುಳ್ಳು ಹೇಳಿ, ಪಲ್ಯ ಬಹಳ ರುಚಿಯಾಗಿದೆ ಎಂದೆ.